ವಾಹನಗಳು ತಮ್ಮತಮ್ಮಲ್ಲೇ ಮಾತಾಡುವಾಗ ನಮ್ಮ ಗುಟ್ಟು ಉಳಿಯುತ್ತದೆಯೇ? ಸುಳ್ಳು ಹೇಳಿದ ವಾಹನ ಸಿಕ್ಕಿಬೀಳುತ್ತದೆಯೇ?

ಓದುಗರ ಪ್ರಶ್ನೆ: ಕೆಲವು ಹೊಸ ಕಾರುಗಳು ತಾವು ಎಲ್ಲಿದ್ದೇವೆ, ಎಷ್ಟು ವೇಗದಲ್ಲಿದ್ದೇವೆ ಅಂತ ಸುತ್ತಲಿನ ವಾಹನಗಳಿಗೆ ರೇಡಿಯೋದಲ್ಲಿ ಹೇಳುತ್ತಾ ಹೋಗುತ್ತವಂತೆ. ಹಾಗಾದರೆ ಯಾರು ಬೇಕಾದರೂ ನನ್ನನ್ನು ಹಿಂಬಾಲಿಸಬಹುದು ಅಲ್ವಾ? ಹೆಸರು ಮುಚ್ಚಿಟ್ಟರೆ, ಸುಳ್ಳು ಸಂದೇಶ ಕಳಿಸಿ ಅಪಘಾತ ಮಾಡಿಸುವವರನ್ನು ಹಿಡಿಯುವುದು ಹೇಗೆ? ಇದೇ ಮಾಹಿತಿ ಇಟ್ಟುಕೊಂಡು ಅತಿವೇಗಕ್ಕೆ ದಂಡ ಹಾಕಬಹುದೇ?

ಉತ್ತರ: ನಿಮ್ಮ ಭಯಕ್ಕೆ ಕಾರಣವಿದೆ. ಆದರೆ ಗುಟ್ಟು ಉಳಿದರೆ ತಪ್ಪಿತಸ್ಥರು ಸಿಗುವುದಿಲ್ಲ, ತಪ್ಪಿತಸ್ಥರು ಸಿಗಬೇಕಾದರೆ ಗುಟ್ಟು ಬಿಡಬೇಕು ಅನ್ನುವ ಲೆಕ್ಕ ಪೂರ್ತಿ ಸರಿಯಲ್ಲ. ಸುಳ್ಳು ಹೇಳುವ ಯಂತ್ರದ ಬಾಯಿ ಮುಚ್ಚಿಸಲು ಅದರ ಮಾಲೀಕರು ಯಾರು ಅಂತ ತಿಳಿಯಲೇಬೇಕು ಅಂತೇನಿಲ್ಲ. ಈ ಕ್ಷೇತ್ರದಲ್ಲಿ ನಡೆದಿರುವ ಒಳ್ಳೆಯ ಕೆಲಸವೆಲ್ಲ ಈ ಒಂದು ಮಾತಿನ ಮೇಲೆ ನಿಂತಿದೆ. ಎಲ್ಲಿ ಅದು ಗಟ್ಟಿ, ಎಲ್ಲಿ ಸಡಿಲ ಅನ್ನುವುದನ್ನು ಹೇಳುತ್ತೇನೆ.

ಮೊದಲು ಗಾಳಿಯಲ್ಲಿ ಹೋಗುವುದೇನು ಅಂತ ನೋಡೋಣ. ಈ ಸಂದೇಶಗಳಿಗೆ 5.9 ಗಿಗಾಹರ್ಟ್ಸ್ ಸುತ್ತಮುತ್ತಲಿನ ತರಂಗಗಳನ್ನು ಬಳಸುತ್ತಾರೆ. ಅಮೆರಿಕದಲ್ಲಿ 1999ರಲ್ಲೇ ಈ ಜಾಗವನ್ನು ವಾಹನಗಳಿಗೆಂದು ಎತ್ತಿಟ್ಟಿದ್ದರು. ಅಲ್ಲಿ ಈ ಸಂದೇಶಕ್ಕೆ ಬೇಸಿಕ್ ಸೇಫ್ಟಿ ಮೆಸೇಜ್ ಅನ್ನುತ್ತಾರೆ, ಯುರೋಪಿನಲ್ಲಿ ಸಿಎಎಂ ಅನ್ನುತ್ತಾರೆ. ಸೆಕೆಂಡಿಗೆ 10 ಬಾರಿಯವರೆಗೆ ಇದು ಹೊರಡುತ್ತದೆ. ಕೆಲವು ನೂರು ಮೀಟರ್ ದೂರದವರೆಗೂ ಕೇಳಿಸುತ್ತದೆ. ಅದರಲ್ಲಿ ವಾಹನ ಇರುವ ಜಾಗ, ವೇಗ, ದಿಕ್ಕು, ಬ್ರೇಕ್ ಒತ್ತಿದ್ದಾರೋ ಇಲ್ಲವೋ, ವಾಹನದ ಉದ್ದ, ಅಗಲ ಇರುತ್ತವೆ. ನಿಮ್ಮ ಹೆಸರು, ನಂಬರ್ ಪ್ಲೇಟ್, ಫೋನ್ ನಂಬರ್ ಇರುವುದಿಲ್ಲ.

ಈ ಸಂದೇಶಕ್ಕೆ ಎನ್‌ಕ್ರಿಪ್ಷನ್ ಇಲ್ಲ. ಯಾರು ಬೇಕಾದರೂ ಓದಬಹುದು. ಬೇಕೆಂದೇ ಹಾಗೆ ಮಾಡಿದ್ದಾರೆ. ತಿರುವಿನ ಆಚೆಯಿಂದ ಬರುತ್ತಿರುವ, ನಿಮ್ಮ ವಾಹನ ಹಿಂದೆಂದೂ ನೋಡಿರದ ಇನ್ನೊಂದು ವಾಹನ ಇದನ್ನು ಆ ಕ್ಷಣವೇ ಓದಬೇಕು. ಬೀಗ ಹಾಕಿ ಕಳಿಸಿ, ಆಮೇಲೆ ಕೀಲಿ ಕೊಡುವಷ್ಟು ಹೊತ್ತು ಅಲ್ಲಿ ಇರುವುದಿಲ್ಲ.

ಓದಲು ತಡೆಯಿಲ್ಲ, ಆದರೆ ಕಳಿಸಲು ತಡೆಯಿದೆ. ಪ್ರತಿ ಸಂದೇಶಕ್ಕೂ ವಾಹನ ಒಂದು ಡಿಜಿಟಲ್ ಸಹಿ ಹಾಕುತ್ತದೆ. ಸಹಿ ಹಾಕುವ ಖಾಸಗಿ ಕೀಲಿ ವಾಹನದೊಳಗಿನ ಭದ್ರವಾದ ಚಿಪ್‌ನಲ್ಲಿರುತ್ತದೆ. "ಈ ಕೀಲಿ ಪರೀಕ್ಷೆಯಲ್ಲಿ ಪಾಸಾದ ನಿಜವಾದ ಉಪಕರಣದ್ದು" ಅಂತ ಒಂದು ಸರ್ಟಿಫಿಕೇಟ್ ಹೇಳುತ್ತದೆ. ಐಇಇಇ 1609.2 ಅನ್ನುವ ಮಾನದಂಡ ಇದನ್ನೆಲ್ಲ ವಿವರವಾಗಿ ಹೇಳುತ್ತದೆ. ಸಹಿ ಬರೀ 64 ಬೈಟ್‌ನಷ್ಟು ಚಿಕ್ಕದು. ಆದರೂ ಸುತ್ತ 100 ವಾಹನಗಳಿದ್ದರೆ ಸೆಕೆಂಡಿಗೆ 1,000 ಸಹಿಗಳನ್ನು ಪರೀಕ್ಷಿಸಬೇಕಾಗುತ್ತದೆ. ಅದಕ್ಕೆಂದೇ ಬೇರೆ ಚಿಪ್ ಇಡುತ್ತಾರೆ. ಇಲ್ಲವೇ ಅಪಾಯಕ್ಕೆ ಸಂಬಂಧಪಟ್ಟ ಸಂದೇಶಗಳನ್ನು ಮಾತ್ರ ಪರೀಕ್ಷಿಸುತ್ತಾರೆ.

ತೊಂದರೆ ಶುರುವಾಗುವುದು ಇಲ್ಲೇ. ಒಂದು ವಾಹನಕ್ಕೆ ಒಂದೇ ಸರ್ಟಿಫಿಕೇಟ್ ಇದ್ದರೆ ಅದು ನಂಬರ್ ಪ್ಲೇಟ್‌ಗಿಂತ ಕೆಟ್ಟದ್ದು. ಪ್ಲೇಟ್ ಓದಲು ಕ್ಯಾಮೆರಾ ಬೇಕು, ಅದರ ಎದುರಿಗೇ ಹಾದುಹೋಗಬೇಕು. ರೇಡಿಯೋವನ್ನು ಗೋಡೆಯ ಹಿಂದೆ ಕೂತು, ಕತ್ತಲಲ್ಲಿ, ಯಾರಿಗೂ ಗೊತ್ತಾಗದ ಹಾಗೆ ಕೇಳಬಹುದು.

ಅದಕ್ಕೇ ಒಂದು ವಾಹನಕ್ಕೆ ಬಹಳಷ್ಟು ಸರ್ಟಿಫಿಕೇಟ್ ಕೊಡುತ್ತಾರೆ. ಇವುಗಳಿಗೆ ಸೂಡೊನಿಮ್ ಸರ್ಟಿಫಿಕೇಟ್ ಅನ್ನುತ್ತಾರೆ, ಬದಲಿ ಹೆಸರುಗಳು ಅಂದುಕೊಳ್ಳಿ. ಈ ಸರ್ಟಿಫಿಕೇಟ್‌ಗಳನ್ನು ಹಂಚಿ ನೋಡಿಕೊಳ್ಳಲು ಅಮೆರಿಕದಲ್ಲಿ ರೂಪಿಸಿದ ಎಸ್‌ಸಿಎಂಎಸ್ ವ್ಯವಸ್ಥೆಯಲ್ಲಿ ವಾರಕ್ಕೆ 20 ಸರ್ಟಿಫಿಕೇಟ್. 3 ವರ್ಷಕ್ಕೆ ಆಗುವಷ್ಟನ್ನು, ಅಂದರೆ 3,000ಕ್ಕೂ ಹೆಚ್ಚನ್ನು, ಒಟ್ಟಿಗೇ ತುಂಬಿಡಬಹುದು. ಸುಮಾರು 5 ನಿಮಿಷಕ್ಕೊಮ್ಮೆ ಒಂದರಿಂದ ಇನ್ನೊಂದಕ್ಕೆ ಬದಲಾಯಿಸಬೇಕು ಅನ್ನುವುದು ಅಲ್ಲಿನ ಲೆಕ್ಕ. ಯುರೋಪಿನ ನಿಯಮದಲ್ಲಿ ಒಂದೇ ಹೊತ್ತಿಗೆ 100ರವರೆಗೂ ಇಟ್ಟುಕೊಳ್ಳಬಹುದು. ಸರ್ಟಿಫಿಕೇಟ್ ಬದಲಾದ ಗಳಿಗೆಯಲ್ಲೇ ರೇಡಿಯೋದ ಮ್ಯಾಕ್ ವಿಳಾಸ (ಅಂದರೆ ರೇಡಿಯೋ ಉಪಕರಣದ ಗುರುತು), ಸಂದೇಶದ ತಾತ್ಕಾಲಿಕ ಗುರುತು, ಕ್ರಮಸಂಖ್ಯೆ ಎಲ್ಲವೂ ಬದಲಾಗಬೇಕು. ಒಂದು ಹಳೆಯದೇ ಉಳಿದರೂ ಮಿಕ್ಕದ್ದನ್ನು ಬದಲಾಯಿಸಿದ್ದು ವ್ಯರ್ಥ.

ಇಷ್ಟು ಮಾಡಿದರೆ ಸಾಕೇ? ಸಾಲದು. ಗಂಟೆಗೆ 72 ಕಿಲೋಮೀಟರ್ ವೇಗದಲ್ಲಿ ಹೋಗುವ ವಾಹನ ಸೆಕೆಂಡಿಗೆ 20 ಮೀಟರ್ ಮುಂದೆ ಹೋಗುತ್ತದೆ. ಸೆಕೆಂಡಿಗೆ 10 ಸಂದೇಶ ಅಂದರೆ ಎರಡು ಸಂದೇಶಗಳ ನಡುವೆ ಬರೀ 2 ಮೀಟರ್. ಖಾಲಿ ರಸ್ತೆಯಲ್ಲಿ ಒಂದು ಹೆಸರು ಮಾಯವಾಗುತ್ತದೆ. 2 ಮೀಟರ್ ಮುಂದೆ, ಅದೇ ವೇಗದಲ್ಲಿ, ಅದೇ ಉದ್ದಗಲದ ಹೊಸ ಹೆಸರು ಹುಟ್ಟುತ್ತದೆ. ಎರಡೂ ಒಂದೇ ಅಂತ ಊಹಿಸಲು ಕಂಪ್ಯೂಟರ್ ಕೂಡ ಬೇಡ. ಗಿಜಿಗುಡುವ ರಸ್ತೆಯಲ್ಲೂ ರೇಡಾರ್‌ಗಳಿಗೆಂದು ಬರೆದ ಹಳೆಯ ಗಣಿತ ತಂದರೆ ಹೆಚ್ಚಿನ ವಾಹನಗಳನ್ನು ಹಿಂಬಾಲಿಸಬಹುದು. ಬರೀ ಹೆಸರು ಬದಲಾಯಿಸುವುದರಿಂದ ಆಗುವುದಿಲ್ಲ ಅಂತ 2010ರ ಹೊತ್ತಿಗೇ ಸಂಶೋಧಕರು ತೋರಿಸಿದ್ದಾರೆ.

ಹಾಗಾಗಿ ಬದಲಾಯಿಸುವ ಮುಂಚೆ ಸ್ವಲ್ಪ ಹೊತ್ತು ಮೌನವಾಗಿರಬೇಕು ಅನ್ನುವ ಸಲಹೆ ಬಂತು. ತುಂಬಾ ವಾಹನಗಳು ಸೇರುವ ಜಾಗದಲ್ಲಿ ಎಲ್ಲರೂ ಒಟ್ಟಿಗೇ ಬದಲಾಯಿಸಬೇಕು ಅನ್ನುವುದು ಇನ್ನೊಂದು ಸಲಹೆ. ಅಂಥ ಜಾಗಕ್ಕೆ ಮಿಕ್ಸ್ ಝೋನ್ ಅನ್ನುತ್ತಾರೆ. ಆದರೆ ತುಂಬಾ ವಾಹನಗಳು ಸೇರುವ ಜಾಗ ಅಂದರೆ ಕೂಡುರಸ್ತೆ. ಡಿಕ್ಕಿಯ ಅಪಾಯ ಅತಿ ಜಾಸ್ತಿ ಇರುವುದೂ ಅಲ್ಲೇ. ಅಲ್ಲಿ ಮೌನವಾಗಿರಿ ಅಂದರೆ ಈ ವ್ಯವಸ್ಥೆ ಯಾಕೆ ಬೇಕು? ಖಾಸಗಿತನಕ್ಕೂ ಜೀವರಕ್ಷಣೆಗೂ ನೇರ ಜಗಳ ಬರುವ ಜಾಗ ಇದು. ಇಲ್ಲಿ ಜೀವವೇ ಮೇಲು ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಮಾನದಂಡಗಳೂ ಹಾಗೇ ಹೇಳುತ್ತವೆ. ಅಪಾಯದ ಎಚ್ಚರಿಕೆ ನಡೆಯುತ್ತಿರುವಾಗ ಹೆಸರು ಬದಲಾಯಿಸುವಂತಿಲ್ಲ. ಬದಲಾಯಿಸಿದರೆ ಹಿಂದಿನ ವಾಹನಕ್ಕೆ ಮುಂದಿದ್ದದ್ದು ಮಾಯವಾಗಿ ಬೇರೆ ಯಾವುದೋ ಬಂದಂತೆ ಕಾಣುತ್ತದೆ.

ಹಾಗಾದರೆ ಈ ಬದಲಾವಣೆಯಿಂದ ಸಿಗುವುದೇನು? ಸಿಗುವುದು ದೊಡ್ಡದೇ. ಊರಿನ ಪ್ರತಿ ಬೀದಿಯಲ್ಲೂ ರಿಸೀವರ್ ಇಟ್ಟವರನ್ನು ಇದು ತಡೆಯಲಾರದು. ಆದರೆ ಒಂದು ಮನೆಯ ಹತ್ತಿರ, ಒಂದು ಆಸ್ಪತ್ರೆಯ ಹತ್ತಿರ, ಒಂದು ಕಚೇರಿಯ ಹತ್ತಿರ ರಿಸೀವರ್ ಇಟ್ಟವರನ್ನು ತಡೆಯುತ್ತದೆ. ನಡುವಿನ ದಾರಿ ಅವರಿಗೆ ಕಾಣದ ಕಾರಣ ಮೂರೂ ಕಡೆ ಬಂದದ್ದು ಒಂದೇ ವಾಹನ ಅಂತ ಅವರು ಹೇಳಲಾರರು. ಹೊರಟ ಜಾಗ ಮತ್ತು ತಲುಪಿದ ಜಾಗ ಒಂದೇ ಹೆಸರಿನಡಿ ಸೇರಬಾರದು ಅನ್ನುವುದೇ ಮುಖ್ಯ. ಪ್ರಯಾಣದ ಆರಂಭ, ನಡುವಿನ ಭಾಗ, ಕೊನೆ ಬೇರೆಬೇರೆ ಹೆಸರಿನಲ್ಲಿರಬೇಕು ಅಂತ ಯುರೋಪಿನವರು ಒತ್ತಿ ಹೇಳುವುದು ಇದಕ್ಕೇ.

ಇದು ಯಾಕೆ ಮುಖ್ಯ ಅನ್ನುವುದಕ್ಕೆ 2013ರ ಒಂದು ಅಧ್ಯಯನ ನೋಡಿ. ವಾಹನಗಳದ್ದಲ್ಲ, ಮೊಬೈಲ್ ಫೋನ್‌ಗಳದ್ದು. 15 ಲಕ್ಷ ಜನರ 15 ತಿಂಗಳ ಓಡಾಟದ ದಾಖಲೆ, ಹೆಸರು ತೆಗೆದುಹಾಕಿದ್ದು. ಯಾವ ಹೊತ್ತಿಗೆ ಎಲ್ಲಿದ್ದರು ಅನ್ನುವ ನಾಲ್ಕೇ ನಾಲ್ಕು ಬಿಂದುಗಳು ಸಾಕಾದವು, ಶೇ. 95ರಷ್ಟು ಜನರನ್ನು ಉಳಿದವರಿಂದ ಬೇರೆ ಮಾಡಿ ಗುರುತಿಸಲು. "ಹೆಸರಿಲ್ಲ, ಆದ್ದರಿಂದ ಖಾಸಗಿ ಮಾಹಿತಿಯಲ್ಲ" ಅನ್ನುವ ವಾದ ಅಲ್ಲಿಗೇ ಬಿದ್ದುಹೋಗುತ್ತದೆ. ಯುರೋಪಿನ ಮಾಹಿತಿ ರಕ್ಷಣಾ ಅಧಿಕಾರಿಗಳ ಗುಂಪು 2017ರಲ್ಲಿ, ವಾಹನಗಳು ಬಿತ್ತರಿಸುವ ಈ ಸಂದೇಶಗಳೂ ವೈಯಕ್ತಿಕ ಮಾಹಿತಿಯೇ ಅಂತ ಅಭಿಪ್ರಾಯ ಕೊಟ್ಟಿತು. ಅದು ಸರಿಯಾದ ನಿಲುವು.

ಈಗ ನಿಮ್ಮ ಎರಡನೇ ಪ್ರಶ್ನೆ. ನನ್ನ ಪ್ರಕಾರ ಇಡೀ ವಿಷಯದಲ್ಲಿ ಅತಿ ಚೆಂದದ ಭಾಗ ಇದು.

ಸಾವಿರಾರು ಬದಲಿ ಹೆಸರುಗಳನ್ನು ಹಂಚುವವರಿಗೆ ಯಾವ ಹೆಸರು ಯಾವ ವಾಹನದ್ದು ಅಂತ ಗೊತ್ತಿದ್ದರೆ, ಅವರ ಸರ್ವರ್ ಒಂದನ್ನು ಒಡೆದರೆ ಎಲ್ಲರ ಗುಟ್ಟೂ ಹೊರಗೆ. ಅದಕ್ಕೇ ಎಸ್‌ಸಿಎಂಎಸ್‌ನಲ್ಲಿ ಕೆಲಸವನ್ನು ಹಂಚಿದ್ದಾರೆ. ವಾಹನ ಒಂದೇ ಒಂದು ಕೀಲಿಯನ್ನು, ಅದನ್ನು ಹಿಗ್ಗಿಸುವ ಸೂತ್ರದ ಜೊತೆ, ನೋಂದಣಿ ಘಟಕಕ್ಕೆ ಕಳಿಸುತ್ತದೆ. ಈ ಕೀಲಿಗೆ ಕಂಬಳಿಹುಳು ಅಂತಲೇ ಹೆಸರಿಟ್ಟಿದ್ದಾರೆ. ನೋಂದಣಿ ಘಟಕ ಅದರಿಂದ ಸಾವಿರಾರು ಕೀಲಿಗಳನ್ನು ಹುಟ್ಟಿಸುತ್ತದೆ. ಅವು ಗೂಡುಗಳು. ಬೇರೆಬೇರೆ ವಾಹನಗಳ ಗೂಡುಗಳನ್ನೆಲ್ಲ ಕಲಸಿ ಸರ್ಟಿಫಿಕೇಟ್ ಕೊಡುವ ಘಟಕಕ್ಕೆ ಕಳಿಸುತ್ತದೆ. ಆ ಘಟಕ ಪ್ರತಿಯೊಂದಕ್ಕೂ ತನ್ನದೊಂದು ಯಾದೃಚ್ಛಿಕ ಸಂಖ್ಯೆ ಸೇರಿಸಿ ಚಿಟ್ಟೆ ಮಾಡುತ್ತದೆ. ಆಮೇಲೆ ವಾಹನ ಮಾತ್ರ ಬಿಚ್ಚಬಲ್ಲ ಹಾಗೆ ಮುಚ್ಚಿ ವಾಪಸ್ ಕಳಿಸುತ್ತದೆ. ಮೊದಲನೆಯವರಿಗೆ ಕೇಳಿದ್ದು ಯಾವ ಉಪಕರಣ ಅಂತ ಗೊತ್ತು, ಕೊಟ್ಟ ಸರ್ಟಿಫಿಕೇಟ್ ಯಾವುದು ಅಂತ ಗೊತ್ತಿಲ್ಲ. ಎರಡನೆಯವರಿಗೆ ಸರ್ಟಿಫಿಕೇಟ್ ಗೊತ್ತು, ಅದು ಯಾರಿಗೆ ಹೋಯಿತು ಅಂತ ಗೊತ್ತಿಲ್ಲ.

ಸರಿ, ಈಗ ಒಂದು ವಾಹನ ಸುಳ್ಳು ಹೇಳಲು ಶುರು ಮಾಡಿತು ಅಂದುಕೊಳ್ಳಿ. ನಿಲ್ಲಿಸಬೇಕಾದರೆ ಅದರ ಬಳಿ ಉಳಿದಿರುವ ಎಲ್ಲ ಹೆಸರುಗಳನ್ನೂ ರದ್ದು ಮಾಡಬೇಕು. ಒಂದೊಂದನ್ನೇ ಪಟ್ಟಿ ಮಾಡುತ್ತಾ ಹೋದರೆ ಪಟ್ಟಿ ಬೆಟ್ಟದಷ್ಟಾಗುತ್ತದೆ. ಇದಕ್ಕೆ ಇನ್ನೆರಡು ಘಟಕಗಳಿವೆ. ಎರಡೂ ಪ್ರತಿ ಉಪಕರಣಕ್ಕೂ ಒಂದೊಂದು ಗುಪ್ತ ಬೀಜಸಂಖ್ಯೆ ಇಟ್ಟುಕೊಂಡಿರುತ್ತವೆ. ಎರಡರಿಂದಲೂ ಬಂದ ಸಂಖ್ಯೆಗಳನ್ನು ಬೆರೆಸಿ ಪ್ರತಿ ಸರ್ಟಿಫಿಕೇಟ್‌ನಲ್ಲೂ ಒಂದು ಗುರುತು ಬರೆಯುತ್ತಾರೆ. ನೋಡುವವರಿಗೆ ಅದು ಸುಮ್ನೆ ಒಂದು ಸಂಖ್ಯೆ. ಬ್ಯಾಂಕಿನ ಲಾಕರ್ ತೆರೆಯಲು ಎರಡು ಕೀಲಿ ಬೇಕಾದ ಹಾಗೆ, ಇಲ್ಲಿ ಎರಡೂ ಬೀಜಸಂಖ್ಯೆ ಸೇರಿದರೆ ಮಾತ್ರ ಆ ಉಪಕರಣದ ಉಳಿದ ಹೆಸರುಗಳು ಯಾವುವು ಅಂತ ಲೆಕ್ಕ ಹಾಕಬಹುದು. ರದ್ದುಪಟ್ಟಿಯಲ್ಲಿ ಆ ಜೋಡಿಯನ್ನು ಪ್ರಕಟಿಸಿದರೆ ಸಾಕು. ಪ್ರತಿ ವಾಹನವೂ ತಾನೇ ಲೆಕ್ಕ ಹಾಕಿ ಆ ಸುಳ್ಳುಗಾರ ಉಪಕರಣದ ಮಾತನ್ನು ತಳ್ಳಿಹಾಕುತ್ತದೆ.

ಇದರಲ್ಲಿ ಇನ್ನೊಂದು ಒಳ್ಳೆಯ ಯೋಚನೆ ಇದೆ. ಬೀಜಸಂಖ್ಯೆ ವಾರದಿಂದ ವಾರಕ್ಕೆ ಹ್ಯಾಶ್ ಲೆಕ್ಕದಿಂದ ಮುಂದುವರಿಯುತ್ತದೆ. ಹ್ಯಾಶ್ ಅಂದರೆ ಮುಂದಕ್ಕೆ ಮಾತ್ರ ಹೋಗುವ ಲೆಕ್ಕ, ಹಿಂದಕ್ಕೆ ಬರಲಾಗದು. ಈ ವಾರ ರದ್ದು ಮಾಡಿದರೆ ಈ ವಾರದಿಂದ ಮುಂದಿನ ಹೆಸರುಗಳು ಬಯಲಾಗುತ್ತವೆ. ಕಳೆದ ತಿಂಗಳು ಆ ವಾಹನ ಎಲ್ಲಿಗೆ ಹೋಗಿತ್ತು ಅನ್ನುವ ಗುಟ್ಟು ಹಾಗೇ ಉಳಿಯುತ್ತದೆ. ಉಪಕರಣ ಕೆಟ್ಟು ತಪ್ಪು ಸಂದೇಶ ಕಳಿಸಿದ ಅಮಾಯಕರಿಗೆ ಇದು ಬಹಳ ದೊಡ್ಡ ರಕ್ಷಣೆ. ನೆನಪಿಡಿ, ತಪ್ಪು ಸಂದೇಶಗಳಿಗೆ ಕೆಟ್ಟ ಜಿಪಿಎಸ್ ಕೂಡ ಕಾರಣವಾಗಿರಬಹುದು.

ಈ ಇಡೀ ಕೆಲಸದಲ್ಲಿ ಮಾಲೀಕರ ಹೆಸರು ಎಲ್ಲೂ ಬರಲಿಲ್ಲ, ಗಮನಿಸಿದಿರಾ? ನೋಂದಣಿ ಘಟಕ ತನ್ನೊಳಗಿನ ಪಟ್ಟಿಯಲ್ಲಿ ಆ ಉಪಕರಣಕ್ಕೆ "ಇನ್ನು ಮುಂದೆ ಕೊಡಬೇಡ" ಅಂತ ಬರೆದುಕೊಳ್ಳುತ್ತದೆ, ಅಷ್ಟೇ. ಯುರೋಪಿನ ದಾರಿ ಇನ್ನೂ ಸರಳ. ಅಲ್ಲಿ ವಾಹನಗಳ ಬದಲಿ ಹೆಸರುಗಳಿಗೆ ರದ್ದುಪಟ್ಟಿಯೇ ಇಲ್ಲ. ಕಡಿಮೆ ಅವಧಿಗೆ ಕೊಡುತ್ತಾರೆ, ತಪ್ಪು ಮಾಡಿದ ಉಪಕರಣಕ್ಕೆ ಹೊಸದನ್ನು ಕೊಡುವುದಿಲ್ಲ. ಗುಟ್ಟು ಉಳಿಸಲು ಅದು ಒಳ್ಳೆಯದು. ಆದರೆ ಕೈಯಲ್ಲಿ ಉಳಿದ ಸರ್ಟಿಫಿಕೇಟ್‌ಗಳು ಮುಗಿಯುವವರೆಗೆ ಸುಳ್ಳು ನಡೆಯುತ್ತಲೇ ಇರಬಹುದು. ಎರಡರಲ್ಲಿ ನನಗೆ ಅಮೆರಿಕದ ವಿನ್ಯಾಸವೇ ಹೆಚ್ಚು ಇಷ್ಟ, ಅದು ಎಷ್ಟೇ ತೊಡಕಾಗಿದ್ದರೂ. ವಿನ್ಯಾಸ ಒಳ್ಳೆಯದಿದ್ದ ಮಾತ್ರಕ್ಕೆ ರಸ್ತೆಗೆ ಬರುತ್ತದೆ ಅಂತಲ್ಲ. ಎಲ್ಲ ಹೊಸ ಲಘು ವಾಹನಗಳಿಗೂ ಇದನ್ನು ಕಡ್ಡಾಯ ಮಾಡುವ ಪ್ರಸ್ತಾವವನ್ನು ಅಲ್ಲಿನ ರಸ್ತೆ ಸುರಕ್ಷತಾ ಸಂಸ್ಥೆ 2017ರ ಜನವರಿಯಲ್ಲಿ ಪ್ರಕಟಿಸಿತು, 2023ರಲ್ಲಿ ಹಿಂದಕ್ಕೆ ಪಡೆಯಿತು.

ಗುಂಪು ಸಹಿ ಅನ್ನುವ ಬೇರೊಂದು ದಾರಿಯೂ ಇದೆ. 1991ರಲ್ಲೇ ಇದರ ಕಲ್ಪನೆ ಬಂತು. ಗುಂಪಿನಲ್ಲಿ ಯಾರೋ ಒಬ್ಬರು ಸಹಿ ಹಾಕಿದ್ದಾರೆ ಅಂತ ಮಾತ್ರ ಗೊತ್ತಾಗುತ್ತದೆ, ಯಾರು ಅಂತ ಗುಂಪಿನ ಮೇಲ್ವಿಚಾರಕ ಮಾತ್ರ ತೆರೆದು ನೋಡಬಹುದು. ಕೇಳಲು ಸೊಗಸು. ಆದರೆ ಲೆಕ್ಕ ಭಾರ, ಜೊತೆಗೆ ಎಲ್ಲವನ್ನೂ ತೆರೆಯುವ ಶಕ್ತಿ ಒಬ್ಬರ ಕೈಗೆ ಹೋಗುತ್ತದೆ. ಆ ಕಾರಣಕ್ಕೇ ಅದು ನನಗೆ ಒಪ್ಪಿಗೆಯಾಗುವುದಿಲ್ಲ.

ಇನ್ನು ಸಡಿಲ ಇರುವ ಕಡೆಗೆ ಬರೋಣ. ಗುಟ್ಟು ಉಳಿಸಲು ಕೊಟ್ಟ 20 ಹೆಸರುಗಳೇ ಸುಳ್ಳುಗಾರರಿಗೆ ಆಯುಧವಾಗಬಹುದು. ಒಬ್ಬರು ತಮ್ಮ ಉಪಕರಣವನ್ನು ಒಡೆದು ಕೀಲಿಗಳನ್ನು ಹೊರತೆಗೆದರೆ, ರಸ್ತೆ ಬದಿಯಲ್ಲಿ ಕೂತು 20 ವಾಹನಗಳಂತೆ ನಟಿಸಬಹುದು. ಯುರೋಪಿನಲ್ಲಾದರೆ 100. ಇಲ್ಲದ ಟ್ರಾಫಿಕ್ ಜಾಮ್ ಸೃಷ್ಟಿಸಿ ಬೇರೆಯವರನ್ನು ಇನ್ನೊಂದು ದಾರಿಗೆ ತಿರುಗಿಸಬಹುದು. ಇದಕ್ಕೆ ಸಿಬಿಲ್ ದಾಳಿ ಅನ್ನುತ್ತಾರೆ. ಸಹಿಗಳೆಲ್ಲ ಸರಿಯಾಗೇ ಇರುತ್ತವೆ. ಸಹಿ ಹೇಳುವುದು ಸಂದೇಶ ಅಸಲಿ ಉಪಕರಣದಿಂದ ಬಂತು ಅಂತ. ಅದರಲ್ಲಿರುವುದು ನಿಜ ಅಂತ ಅಲ್ಲ.

ನಿಜವೋ ಸುಳ್ಳೋ ಅಂತ ಕಂಡುಹಿಡಿಯುವುದು ಬೇರೆಯೇ ಕೆಲಸ. ಎರಡು ವಾಹನಗಳು ಒಂದೇ ಜಾಗದಲ್ಲಿವೆ ಅಂತ ಹೇಳುತ್ತಿವೆಯೇ? ಒಂದು ಸಂದೇಶದಿಂದ ಇನ್ನೊಂದಕ್ಕೆ ಅಸಾಧ್ಯ ಅನ್ನುವಷ್ಟು ದೂರ ಹಾರಿತೇ? "ನಿನ್ನ ಮುಂದೆಯೇ ಇದ್ದೇನೆ" ಅನ್ನುವ ವಾಹನ ಕ್ಯಾಮೆರಾಗೂ ರೇಡಾರ್‌ಗೂ ಕಾಣುತ್ತಿಲ್ಲವೇ? ಇಂಥ ಪ್ರಶ್ನೆಗಳನ್ನು ಪ್ರತಿ ವಾಹನವೂ ತನ್ನಷ್ಟಕ್ಕೆ ಕೇಳಿಕೊಳ್ಳಬಹುದು. ಒರಟು ಸುಳ್ಳುಗಳು ಇದರಲ್ಲಿ ಸಿಕ್ಕಿಬೀಳುತ್ತವೆ. ಜಾಗವನ್ನು ಬರೀ ಒಂದೆರಡು ಮೀಟರ್ ಆಚೀಚೆ ಹೇಳುವ ಜಾಣ ಸುಳ್ಳು ಜಿಪಿಎಸ್‌ನ ಸಹಜ ತಪ್ಪಿನ ಜೊತೆ ಬೆರೆತುಹೋಗುತ್ತದೆ. ಕೀಲಿಗಳ ಗಣಿತ ಎಷ್ಟು ಮುಂದೆ ಹೋಗಿದೆಯೋ, ಈ ಪತ್ತೆಯ ಕೆಲಸ ಅಷ್ಟೇ ಹಿಂದಿದೆ ಅಂತ ನನಗನ್ನಿಸುತ್ತದೆ. ಹೊಣೆಗಾರಿಕೆಯ ಬಗ್ಗೆ ಚಿಂತೆ ಮಾಡುವುದಾದರೆ ಇಲ್ಲಿ ಮಾಡಬೇಕು.

ಇನ್ನೊಂದು ಸೂಕ್ಷ್ಮ ಇದೆ. ಅನುಮಾನ ಬಂದ ವಾಹನ ಕೇಂದ್ರಕ್ಕೆ ದೂರು ಕಳಿಸುತ್ತದೆ. ಆ ದೂರಿನಲ್ಲಿ ಸುತ್ತಲಿದ್ದ ವಾಹನಗಳ ಸಂದೇಶಗಳೂ ಇರುತ್ತವೆ, ದೂರು ಕೊಟ್ಟವರು ಎಲ್ಲಿದ್ದರು ಅನ್ನುವುದೂ ಇರುತ್ತದೆ. ಅಂಥ ದೂರುಗಳನ್ನು ವರ್ಷಗಟ್ಟಲೆ ಕೂಡಿಟ್ಟರೆ ಅದೇ ಒಂದು ಓಡಾಟದ ಭಂಡಾರವಾಗುತ್ತದೆ. ಸುಳ್ಳು ದೂರು ಕೊಟ್ಟು ಬೇರೆಯವರನ್ನು ರದ್ದು ಮಾಡಿಸುವ ಪ್ರಯತ್ನವನ್ನೂ ನಿರೀಕ್ಷಿಸಬೇಕು. ಒಂದೇ ಕಡೆಯಿಂದ ಬಂದ ದೂರಿಗೆ ಯಾರನ್ನೂ ರದ್ದು ಮಾಡಬಾರದು.

ದಂಡದ ಪ್ರಶ್ನೆಗೆ ನೇರ ಉತ್ತರ: ಬರೀ ರೇಡಿಯೋ ಸಂದೇಶದಿಂದ ಕಷ್ಟ. ವೇಗ ಅದರಲ್ಲೇ ಇದೆ, ಸಹಿಯೂ ಇದೆ, ಯಾರು ಅಂತ ಮಾತ್ರ ಇಲ್ಲ. ಆದರೆ ಸಂದೇಶ ಕೇಳುವ ರಿಸೀವರ್ ಇರುವ ಕಂಬದ ಮೇಲೆಯೇ ನಂಬರ್ ಪ್ಲೇಟ್ ಓದುವ ಕ್ಯಾಮೆರಾ ಕೂಡ ಇದ್ದರೆ ಎರಡನ್ನೂ ಜೋಡಿಸಲು ಯಾವ ಗಣಿತವೂ ಅಡ್ಡಬರುವುದಿಲ್ಲ. ಇಲ್ಲಿ ತಡೆಯಬೇಕಾದದ್ದು ಕಾನೂನು. ಸುರಕ್ಷತೆಗೆಂದು ಕಳಿಸಿದ ಸಂದೇಶವನ್ನು ದಂಡಕ್ಕೆ ಬಳಸಬಾರದು ಅಂತ ಸ್ಪಷ್ಟವಾಗಿ ಬರೆದಿರಬೇಕು. ಇಲ್ಲವಾದರೆ ಜನ ಆ ಉಪಕರಣವನ್ನೇ ಆಫ್ ಮಾಡಿಡುತ್ತಾರೆ. ಆಗ ಯಾರಿಗೂ ಎಚ್ಚರಿಕೆ ಸಿಗುವುದಿಲ್ಲ. ಅಪಘಾತವೇ ಆದರೆ ತನಿಖೆಗೆ ವಾಹನದೊಳಗಿನ ಇವೆಂಟ್ ಡೇಟಾ ರೆಕಾರ್ಡರ್ ಇದೆ. ಅದು ಡಿಕ್ಕಿಯ ಹಿಂದುಮುಂದಿನ ಕೆಲವೇ ಸೆಕೆಂಡುಗಳನ್ನು ಮಾತ್ರ ಉಳಿಸುತ್ತದೆ. ಹೊಣೆ ಹೊರಿಸಲು ಅಂಥ ಚಿಕ್ಕ, ವಾಹನದೊಳಗೇ ಇರುವ ದಾಖಲೆ ಸಾಕು. ಇಡೀ ಊರಿನ ಓಡಾಟವನ್ನು ಬರೆದಿಡಬೇಕಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಇದನ್ನೂ ಹೇಳಲೇಬೇಕು. ಈ ಸಂದೇಶಗಳನ್ನು ಎಷ್ಟೇ ಜತನದಿಂದ ಮುಚ್ಚಿಟ್ಟರೂ ಅದೇ ವಾಹನ ಬೇರೆ ಬಾಯಿಗಳಿಂದ ಮಾತಾಡುತ್ತಿರುತ್ತದೆ. ಟೈರಿನ ಗಾಳಿಯ ಒತ್ತಡ ಹೇಳುವ ಸೆನ್ಸರ್‌ಗಳು ಬದಲಾಗದ ಗುರುತಿನ ಸಂಖ್ಯೆಯನ್ನು ಮುಚ್ಚುಮರೆಯಿಲ್ಲದೆ ಕಳಿಸುತ್ತವೆ, 40 ಮೀಟರ್ ದೂರದಿಂದಲೂ ಅದನ್ನು ಕೇಳಬಹುದು ಅಂತ 2010ರಲ್ಲೇ ಸಂಶೋಧಕರು ತೋರಿಸಿದ್ದರು. ಅದಕ್ಕಿಂತ ದೊಡ್ಡದು, ಸಿಮ್ ಮೂಲಕ ತಯಾರಕರ ಸರ್ವರ್‌ಗೆ ಹೋಗುವ ಮಾಹಿತಿ. 2024ರ ಡಿಸೆಂಬರ್‌ನಲ್ಲಿ ಫೋಕ್ಸ್‌ವ್ಯಾಗನ್ ಸಮೂಹದ ಸಾಫ್ಟ್‌ವೇರ್ ಕಂಪನಿ ಕಾರಿಯಾಡ್‌ನ ಬಳಿಯಿದ್ದ ಸುಮಾರು 8 ಲಕ್ಷ ಎಲೆಕ್ಟ್ರಿಕ್ ವಾಹನಗಳ ಮಾಹಿತಿ ಕ್ಲೌಡ್‌ನಲ್ಲಿ ಸರಿಯಾದ ರಕ್ಷಣೆಯಿಲ್ಲದೆ ಬಿದ್ದಿತ್ತು ಅಂತ ಬಯಲಾಯಿತು. ಅದರಲ್ಲಿ ಸುಮಾರು 4.6 ಲಕ್ಷ ವಾಹನಗಳು ಎಲ್ಲಿ ನಿಂತಿದ್ದವು ಅನ್ನುವುದು ನಿಖರವಾಗಿ ಇತ್ತು. ಅಲ್ಲಿ ಯಾವ ಕಂಬಳಿಹುಳುವೂ ಇರಲಿಲ್ಲ, ಚಿಟ್ಟೆಯೂ ಇರಲಿಲ್ಲ.

ನಿಮ್ಮ ಕೈಯಲ್ಲಿ ಏನಿದೆ ಅಂದರೆ, ಕೇಳುವುದು. ಇಂಥ ಸೌಲಭ್ಯವಿರುವ ವಾಹನ ಕೊಳ್ಳುವಾಗ ಸಿಮ್ ಮೂಲಕ ಹೋಗುವ ಓಡಾಟದ ಮಾಹಿತಿಯನ್ನು ನಿಲ್ಲಿಸಬಹುದೇ ಅಂತ ಕೇಳಿ. ಹಳೆಯ ವಾಹನ ಮಾರುವಾಗ ಅದಕ್ಕೆ ಜೋಡಿಸಿದ ನಿಮ್ಮ ಖಾತೆಯನ್ನು ಅಳಿಸಿ. ನಿಮ್ಮ ದೇಶದಲ್ಲಿ ಇಂಥ ನಿಯಮಗಳ ಕರಡು ಪ್ರಕಟವಾಗಿ ಸಾರ್ವಜನಿಕರ ಅಭಿಪ್ರಾಯ ಕೇಳಿದರೆ, ಆ ನಾಲ್ಕೈದು ಘಟಕಗಳನ್ನು ಯಾರು ಯಾರು ನಡೆಸುತ್ತಾರೆ ಅಂತ ಬರೆದು ಕೇಳಿ. ನೋಂದಣಿ, ಸರ್ಟಿಫಿಕೇಟ್, ಬೀಜಸಂಖ್ಯೆ ಮೂರನ್ನೂ ಒಂದೇ ಕಂಪನಿ ನಡೆಸಿದರೆ ಕೆಲಸ ಹಂಚಿದ್ದು ಕಾಗದದ ಮೇಲಷ್ಟೇ. ಎರಡು ಬೀಜಸಂಖ್ಯೆಗಳನ್ನು ಸೇರಿಸಲು ಯಾರ ಅಪ್ಪಣೆ ಬೇಕು, ಸೇರಿಸಿದ ಪ್ರತಿ ಸಲವೂ ಅಳಿಸಲಾಗದ ದಾಖಲೆ ಉಳಿಯುತ್ತದೆಯೇ, ಆ ದಾಖಲೆಯನ್ನು ಹೊರಗಿನವರು ತಪಾಸಣೆ ಮಾಡುತ್ತಾರೆಯೇ, ಕಾರಣವಿಲ್ಲದೆ ತೆರೆದವರಿಗೆ ಏನು ಶಿಕ್ಷೆ ಅಂತಲೂ ಕೇಳಿ.